ಕೆರೆ ದಂಡೆಯಿಂದ ಕಬಿನಿವರೆಗೆ: ವನ್ಯಜೀವಿ ಫೋಟೋಗ್ರಫಿ ಕಲಿಯುವ ಒಂದು ದಾರಿ

ಹೊಸ ಕ್ಯಾಮೆರಾ ಕೊಂಡವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಬಹುಪಾಲು ಇದೇ: "ಕಬಿನಿಗೆ ಯಾವಾಗ ಹೋದ್ರೆ ಹುಲಿ ಸಿಗುತ್ತೆ?" ನಾನು ಅವರನ್ನು ತಿರುಗಿ ಕೇಳುತ್ತೇನೆ, "ನಿಮ್ಮ ಮನೆ ಹತ್ತಿರ ಕೆರೆ ಇದೆಯಾ?"

ಹುಲಿ ಎದುರಿಗೆ ಬಂದರೂ ಎಷ್ಟೋ ಸಲ ನಿಮಗೆ ಸಿಗುವುದು ಅರ್ಧ ನಿಮಿಷ. ಆಗ ಯಾವ ಬಟನ್ ಎಲ್ಲಿದೆ ಅಂತ ತಡಕಾಡುತ್ತಾ ಕೂತರೆ ಹುಲಿ ಪೊದೆ ಸೇರಿರುತ್ತದೆ. ಕೆರೆಯ ಕೊಳದ ಬಕ ಹಾಗಲ್ಲ. ಇವತ್ತು ಫೋಟೋ ಕೆಟ್ಟರೆ ನಾಳೆ ಬೆಳಗ್ಗೆ ಅದೇ ಕಲ್ಲಿನ ಮೇಲೆ ಮತ್ತೆ ನಿಂತಿರುತ್ತದೆ. ಅದಕ್ಕೆ ಟಿಕೆಟ್ ಇಲ್ಲ, ಜೀಪಿನ ಗದ್ದಲ ಇಲ್ಲ. ಬೆಳಕು, ದೂರ, ತಾಳ್ಮೆ ಮೂರನ್ನೂ ಅದು ಪುಕ್ಕಟೆಯಾಗಿ ಕಲಿಸುತ್ತದೆ.

ಹಾಗಾಗಿ ಈ ಬರಹ ಕೆರೆಯಿಂದ ಶುರುವಾಗುತ್ತದೆ. ಅಲ್ಲಿಂದ ರಂಗನತಿಟ್ಟಿನ ದೋಣಿ, ಕಬಿನಿಯ ಜೀಪು, ಮಲೆನಾಡಿನ ಮಳೆ. ಇದೇ ಕ್ರಮದಲ್ಲಿ ಹೋಗಿ ಅಂತ ನನ್ನ ಸಲಹೆ. ಒಂದು ಜಾಗದಲ್ಲಿ ಕಲಿತದ್ದು ಮುಂದಿನ ಜಾಗದಲ್ಲಿ ಕೈಗೆ ಬರುತ್ತದೆ.

ಗೇರ್: ಇಷ್ಟಿದ್ದರೆ ಸಾಕು

ಸೆಕೆಂಡ್ ಹ್ಯಾಂಡ್ ಡಿಎಸ್ಎಲ್ಆರ್ ಬಾಡಿ (ಲೆನ್ಸ್ ಬಿಟ್ಟು ಕ್ಯಾಮೆರಾ ಮಾತ್ರ), ಜೊತೆಗೆ ಒಂದು 70-300 ಮಿ.ಮೀ. ಲೆನ್ಸ್. ಮೊದಲ ವರ್ಷಕ್ಕೆ ಇಷ್ಟು ಸಾಕು. ಎಪಿಎಸ್-ಸಿ, ಅಂದರೆ ಸ್ವಲ್ಪ ಚಿಕ್ಕ ಸೆನ್ಸರ್ ಇರುವ ಬಾಡಿಯಾದರೆ 300 ಮಿ.ಮೀ. ಲೆನ್ಸಿನಲ್ಲಿ ಸುಮಾರು 450 ಮಿ.ಮೀ. ಲೆನ್ಸಿನಷ್ಟು ಹತ್ತಿರದ ನೋಟ ಸಿಗುತ್ತದೆ. ಹಕ್ಕಿ ತೆಗೆಯುವವರಿಗೆ ಇದು ಲಾಭವೇ. ಒಂದು ವರ್ಷ ಕಳೆದ ಮೇಲೂ ಹಕ್ಕಿಗಳ ಹುಚ್ಚು ಇಳಿಯದಿದ್ದರೆ ಟ್ಯಾಮ್ರಾನ್ ಅಥವಾ ಸಿಗ್ಮಾದ 150-600, ನಿಕಾನ್‌ನ 200-500, ಕ್ಯಾನನ್‌ನ 100-400 ಇಂಥವನ್ನು ನೋಡಿ. ದೊಡ್ಡ ಊರುಗಳಲ್ಲಿ ಲೆನ್ಸ್ ದಿನದ ಬಾಡಿಗೆಗೆ ಸಿಗುತ್ತದೆ. ಕೊಳ್ಳುವ ಮೊದಲು ಒಂದು ಭಾನುವಾರ ತಂದು, ಹೆಗಲಿಗೆ ಹಾಕಿಕೊಂಡು ಎರಡು ಗಂಟೆ ನಡೆದು ನೋಡಿ. ಎರಡು ಕಿಲೋ ಭಾರ ಅಂದರೆ ಏನು ಅಂತ ಅಂಗಡಿಯಲ್ಲಿ ಗೊತ್ತಾಗುವುದಿಲ್ಲ.

ನಿಕಾನ್ ಪಿ950 ಥರದ ದೊಡ್ಡ ಜೂಮ್ ಕ್ಯಾಮೆರಾ ಇದ್ದರೂ ನಡೆಯುತ್ತದೆ. ಕೂತ ಹಕ್ಕಿಗೆ ಚೆನ್ನಾಗಿದೆ, ಹಾರುವ ಹಕ್ಕಿಗೆ ಕಷ್ಟ. ಸಾಧ್ಯವಾದರೆ ಎಂಟು ಪಟ್ಟು ಹತ್ತಿರ ತೋರಿಸುವ 8x42 ಬೈನಾಕ್ಯುಲರ್ ಒಂದನ್ನು ಇಟ್ಟುಕೊಳ್ಳಿ. ಗೇರ್ ಮಾತು ಇಲ್ಲಿಗೆ ಮುಗಿಯಿತು.

ಮೊದಲ ಹೆಜ್ಜೆ: ಒಂದೇ ಕೆರೆ, ಹತ್ತು ಬೆಳಗ್ಗೆ

ಹತ್ತು ಕೆರೆಗೆ ಒಂದೊಂದು ಸಲ ಹೋಗುವುದಕ್ಕಿಂತ ಒಂದೇ ಕೆರೆಗೆ ಹತ್ತು ಸಲ ಹೋಗಿ. ಮೊದಲ ಎರಡು ದಿನ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ಸುಮ್ನೆ ನೋಡಿ. ಸೂರ್ಯ ಯಾವ ಮರದ ಹಿಂದಿನಿಂದ ಏಳುತ್ತಾನೆ, ನೀರಿನ ಮೇಲೆ ಬಿಸಿಲು ಎಷ್ಟು ಹೊತ್ತಿಗೆ ಬೀಳುತ್ತದೆ, ದನ ಯಾವ ಕಡೆ ಇಳಿಯುತ್ತವೆ, ವಾಕಿಂಗ್ ಬರುವವರು ಎಲ್ಲಿ ತಿರುಗುತ್ತಾರೆ. ಇವೆಲ್ಲ ಹಕ್ಕಿಗೆ ಗೊತ್ತಿವೆ. ನಿಮಗೂ ಗೊತ್ತಿರಬೇಕು.

ಒಂದು ವಿಷಯ ಆಗಲೇ ಕಣ್ಣಿಗೆ ಬೀಳುತ್ತದೆ. ಹಕ್ಕಿಗಳಿಗೆ ಅಭ್ಯಾಸಗಳಿವೆ. ಬಿಳಿ ಎದೆಯ ಮಿಂಚುಳ್ಳಿಗೆ ಎರಡು ಮೂರು ಕೂರುವ ಜಾಗ ಇರುತ್ತವೆ. ಒಂದು ಕಂಬ, ಒಂದು ಒಣ ಕೊಂಬೆ, ಒಂದು ಕರೆಂಟ್ ತಂತಿ. ಬೇಟೆಗೆ ಹಾರಿದ ಹಕ್ಕಿ ಬಹಳ ಸಲ ಹಾರಿದ ಕೊಂಬೆಗೇ ವಾಪಸ್ ಬರುತ್ತದೆ. ಕಪ್ಪು ಬಿಳುಪಿನ ಮಿಂಚುಳ್ಳಿಯ ರೀತಿಯೇ ಬೇರೆ. ಅದು ನೀರಿನ ಮೇಲೆ ರೆಕ್ಕೆ ಬಡಿಯುತ್ತಾ ನಿಂತಲ್ಲೇ ನಿಂತು, ಕತ್ತು ಕೆಳಗೆ ಮಾಡಿ, ಕಲ್ಲು ಬಿದ್ದ ಹಾಗೆ ಬೀಳುತ್ತದೆ. ನೀರುಕಾಗೆ ಮೀನು ಹಿಡಿದ ಮೇಲೆ ಕಲ್ಲಿನ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತದೆ. ಅದರ ಹತ್ತಿರ ನಿಮಗೆ ಬೇಕಾದಷ್ಟು ಹೊತ್ತಿದೆ.

ನನಗೆ ಇದನ್ನು ಕಲಿಸಿದ್ದು ಒಂದು ಹಸಿರು ಕಳ್ಳಿಪೀರ (ಬೀ ಈಟರ್). ಕೆರೆ ಏರಿಯ ಪಕ್ಕದ ತಂತಿ ಬೇಲಿಯ ಮೇಲೆ ಕೂತಿತ್ತು. ಒಂದು ಜೇನು ಹಿಡಿದು ತಂತು. ನಾನು ಬಾಯಲ್ಲಿ ಜೇನಿರುವ ಫೋಟೋ ತೆಗೆದು ಕ್ಯಾಮೆರಾ ಇಳಿಸಿದೆ. ಅಷ್ಟರಲ್ಲಿ ಅದು ಜೇನನ್ನು ತಂತಿಗೆ ಚಟಚಟ ಅಂತ ಬಡಿಯಿತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಆಮೇಲೆ ಕೊಕ್ಕಿನಲ್ಲಿ ಹೊರಳಿಸಿ, ಹೊಟ್ಟೆಯ ತುದಿಯನ್ನು ತಂತಿಗೆ ಉಜ್ಜಿ ಕೊಂಡಿಯ ವಿಷ ಕಳೆಯಿತು. ಕೊನೆಗೆ ಜೇನನ್ನು ಸಣ್ಣಗೆ ಮೇಲಕ್ಕೆ ಚಿಮ್ಮಿ ನುಂಗಿತು. ಆ ಚಿಮ್ಮುವ ಕ್ಷಣ ನನ್ನ ಕ್ಯಾಮೆರಾದಲ್ಲಿ ಇರಲಿಲ್ಲ. ಮುಂದಿನ ವಾರ ಅದೇ ಬೇಲಿಗೆ ಹೋದೆ. ಹಕ್ಕಿ ಜೇನು ತಂದಾಗ ಬೆರಳು ತಡೆದೆ. ಬಡಿಯಿತು, ಉಜ್ಜಿತು. ತಲೆ ಹಿಂದಕ್ಕೆ ವಾಲುತ್ತಿದ್ದಂತೆ ಶಟರ್ ಒತ್ತಿದೆ. ಸಿಕ್ಕಿತು.

ಹಾರುವ ಮುಂಚಿನ ಸೂಚನೆಗಳನ್ನೂ ಗುರುತು ಹಿಡಿಯಿರಿ. ತುಂಬಾ ಹಕ್ಕಿಗಳು ಹಾರುವ ಮೊದಲು ಹಿಕ್ಕೆ ಹಾಕುತ್ತವೆ. ಮೈ ಮುಂದಕ್ಕೆ ಬಾಗುತ್ತದೆ, ಕಾಲು ಸ್ವಲ್ಪ ಮಡಿಯುತ್ತದೆ. ಹಿಕ್ಕೆ ಬಿತ್ತು ಅಂದರೆ ಬೆರಳು ಶಟರ್ ಮೇಲೆ ಇರಲಿ.

ಎರಡನೇ ಹೆಜ್ಜೆ: ಕೂತುಕೊಳ್ಳಿ

ನಿಂತು ತೆಗೆದ ಫೋಟೋದಲ್ಲಿ ಹಕ್ಕಿ ಕೆಳಗೆ ಬಿದ್ದ ವಸ್ತುವಿನ ಥರ ಕಾಣುತ್ತದೆ. ಹಿಂದೆ ಬರೀ ಕೆಸರು. ಅದೇ ಜಾಗದಲ್ಲಿ ನೆಲಕ್ಕೆ ಕೂತು, ಸಾಧ್ಯವಾದರೆ ಮಲಗಿ, ಲೆನ್ಸನ್ನು ಹಕ್ಕಿಯ ಕಣ್ಣಿನ ಮಟ್ಟಕ್ಕೆ ತನ್ನಿ. ಹಿಂದಿನ ಕೆಸರು ಮಾಯವಾಗಿ ದೂರದ ಆಚೆ ದಡ ಮೆತ್ತಗಿನ ಹಸಿರಾಗಿ ಬರುತ್ತದೆ. ಸಾವಿರಾರು ರೂಪಾಯಿಯ ಲೆನ್ಸ್ ಮಾಡದ ಕೆಲಸವನ್ನು ಒಂದು ಹಳೇ ಗೋಣಿಚೀಲ ಮಾಡುತ್ತದೆ. ನಾನು ಬ್ಯಾಗಿನಲ್ಲಿ ಯಾವಾಗಲೂ ಒಂದು ಮಡಚಿ ಇಟ್ಟಿರುತ್ತೇನೆ.

ಕೂತರೆ ಇನ್ನೊಂದು ಲಾಭ ಇದೆ. ನಿಂತ ಮನುಷ್ಯನನ್ನು ಕಂಡರೆ ಹಕ್ಕಿಗೆ ಹೆದರಿಕೆ. ಕೂತು ಅಲ್ಲಾಡದೆ ಇದ್ದರೆ ಸ್ವಲ್ಪ ಹೊತ್ತಿಗೆ ನಿಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತದೆ. ಸಿಪಿಲೆ ಹಕ್ಕಿ ಹುಳ ಹುಡುಕುತ್ತಾ ಬಾಲ ಕುಣಿಸಿಕೊಂಡು ನಿಮ್ಮ ಬೂಟಿನ ಹತ್ತಿರವೇ ಬಂದುಬಿಡಬಹುದು. ನೀವೇ ಹತ್ತಿರ ಹೋಗಲೇಬೇಕಾದರೆ ನೇರವಾಗಿ ಹೋಗಬೇಡಿ. ಓರೆಯಾಗಿ, ಬೇರೆಲ್ಲೋ ಹೋಗುವವರ ಹಾಗೆ ನಾಲ್ಕು ಹೆಜ್ಜೆ. ನಿಲ್ಲಿ. ಮತ್ತೆ ನಾಲ್ಕು ಹೆಜ್ಜೆ. ಕಾರಿನಲ್ಲಿದ್ದರೆ ಇಳಿಯಬೇಡಿ. ಹಕ್ಕಿಗೆ ಕಾರಿನ ಹೆದರಿಕೆ ಕಮ್ಮಿ.

ಹಕ್ಕಿ ಏನು ಹೇಳುತ್ತಿದೆ ನೋಡುತ್ತಾ ಇರಿ. ಮೇಯುವುದನ್ನು ನಿಲ್ಲಿಸಿ ಕತ್ತೆತ್ತಿ ನೋಡಿದರೆ ನೀವು ಗಡಿಗೆ ಬಂದಿದ್ದೀರಿ. ಅಲ್ಲೇ ನಿಲ್ಲಿ. ಮತ್ತೆ ಮೇಯಲು ಶುರು ಮಾಡದಿದ್ದರೆ ಎರಡು ಹೆಜ್ಜೆ ಹಿಂದೆ ಬನ್ನಿ.

ಈ ಮಾತನ್ನು ನಾನು ತಪ್ಪು ಮಾಡಿ ಕಲಿತೆ. ಒಂದು ಏಪ್ರಿಲ್, ಕೆರೆ ಪಕ್ಕದ ಬಯಲು. ಒಂದು ಜೋಡಿ ಟಿಟ್ಟಿಭ ನನ್ನ ತಲೆ ಮೇಲೆ ಕೂಗುತ್ತಾ ಸುತ್ತುತ್ತಿದ್ದವು. ಕೆಳಕ್ಕೆ ಎರಗುವುದು, ಏಳುವುದು. ಹಾರುವ ಚಿತ್ರ ಸಿಗುತ್ತಿದೆ ಅಂತ ಖುಷಿಯಲ್ಲಿ ಇಪ್ಪತ್ತು ನಿಮಿಷ ಅಲ್ಲೇ ನಿಂತು ತೆಗೆದೆ. ಕೊನೆಗೆ ಬ್ಯಾಟರಿ ಬದಲಿಸಲು ಬಗ್ಗಿದಾಗ ಕಂಡಿತು. ನನ್ನ ಕಾಲಿನಿಂದ ಎರಡು ಮಾರು ದೂರದಲ್ಲಿ, ಬೆಣಚುಕಲ್ಲಿನ ನಡುವೆ, ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆ. ಒಂಬತ್ತೂವರೆಯ ಬಿಸಿಲು ನೇರ ಅವುಗಳ ಮೇಲೆ ಬೀಳುತ್ತಿತ್ತು. ಬಿಸಿಲಿನ ಹೊತ್ತಿನಲ್ಲಿ ಈ ಹಕ್ಕಿಗಳು ಮೊಟ್ಟೆಗೆ ನೆರಳಾಗಿ ನಿಲ್ಲುತ್ತವೆ, ಹೊಟ್ಟೆಯ ಗರಿ ನೀರಲ್ಲಿ ತೋಯಿಸಿಕೊಂಡು ಬಂದು ತಂಪು ಮಾಡುತ್ತವೆ. ಅಷ್ಟು ಹೊತ್ತು ನಾನು ಅವನ್ನು ಆ ಕೆಲಸದಿಂದ ತಡೆದಿದ್ದೆ. ಬಂದ ದಾರಿಯಲ್ಲೇ ಹಿಂದೆ ಸರಿದೆ. ಆ ದಿನದ ಚಿತ್ರಗಳನ್ನು ಯಾರಿಗೂ ತೋರಿಸಿಲ್ಲ.

ಹಕ್ಕಿ ನಿಮ್ಮ ಸುತ್ತಲೇ ಕೂಗುತ್ತಿದ್ದರೆ, ಬಾಯಲ್ಲಿ ಹುಳ ಹಿಡಿದುಕೊಂಡು ಕೊಂಬೆಯಿಂದ ಕೊಂಬೆಗೆ ಹಾರುತ್ತಾ ಗೂಡಿಗೆ ಹೋಗದೆ ಇದ್ದರೆ, ಗೂಡು ಹತ್ತಿರದಲ್ಲಿದೆ ಅಂತ ಅರ್ಥ. ಹೊರಟುಬಿಡಿ. ಗೂಡಿನ ಫೋಟೋ ಬೇಡವೇ ಬೇಡ. ನೀವು ಸರಿಸಿದ ಒಂದು ಎಲೆ ಕಾಗೆಗೆ ದಾರಿ ತೋರಿಸುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಬೇಡ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತು ಅಂತ ಅದು ಮೇವು ಬಿಟ್ಟು ಜಗಳಕ್ಕೆ ಬರುತ್ತದೆ.

ಮೂರನೇ ಹೆಜ್ಜೆ: ಸೆಟ್ಟಿಂಗ್

ಮ್ಯಾನುಯಲ್ ಮೋಡ್, ಆಟೋ ಐಎಸ್ಒ. ಶಟರ್ ಸ್ಪೀಡ್ (ಸೆನ್ಸರಿಗೆ ಬೆಳಕು ಬೀಳುವ ಹೊತ್ತು) ಮತ್ತು ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ನಿಮ್ಮ ಕೈಯಲ್ಲಿ, ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವ ಲೆಕ್ಕ) ಕ್ಯಾಮೆರಾಕ್ಕೆ. ನಾನು ಕಲಿಯುವವರಿಗೆ ಮೊದಲು ಇದನ್ನೇ ಹೇಳಿಕೊಡುತ್ತೇನೆ. ಅಪರ್ಚರ್ ಎಫ್ 5.6 ರಿಂದ ಎಫ್ 8 ರೊಳಗೆ ಇರಲಿ. ಶಟರ್ ಸ್ಪೀಡಿಗೆ ಈ ಲೆಕ್ಕದಿಂದ ಶುರು ಮಾಡಿ:

- ಸುಮ್ಮನೆ ನಿಂತ ಬಕ, ಕೊಕ್ಕರೆ: ಸೆಕೆಂಡಿನ 1/500
- ಮೇಯುತ್ತಿರುವ, ಓಡಾಡುವ ಹಕ್ಕಿ: 1/1000
- ಹಾರುವ ಕೊಕ್ಕರೆ, ಹದ್ದು: 1/1600
- ಮಿಂಚುಳ್ಳಿ, ಕಳ್ಳಿಪೀರದಂಥ ಚುರುಕು ಹಕ್ಕಿ: 1/2500 ಅಥವಾ ಇನ್ನೂ ಜಾಸ್ತಿ

ಐಎಸ್ಒ 1600, 3200 ಆಯಿತು ಅಂತ ಹೆದರಬೇಡಿ. ಕಾಳು ಕಾಳಾದ ಫೋಟೋವನ್ನು ಮನೆಯಲ್ಲಿ ಸರಿ ಮಾಡಬಹುದು. ಅಲ್ಲಾಡಿದ ಫೋಟೋಗೆ ಮದ್ದಿಲ್ಲ. ಫೈಲ್ ರಾ (RAW) ರೂಪದಲ್ಲೇ ಇರಲಿ, ಅಂದರೆ ಕ್ಯಾಮೆರಾ ಕಂಡದ್ದನ್ನು ಕುಗ್ಗಿಸದೆ ಹಾಗೇ ಇಡುವ ಫೈಲ್.

ಫೋಕಸ್ ಸದಾ ಕಂಟಿನ್ಯುಯಸ್, ಅಂದರೆ ಹಕ್ಕಿ ಸರಿದಂತೆ ಫೋಕಸ್ಸೂ ಸರಿಯುತ್ತಿರಬೇಕು. ಕ್ಯಾನನ್‌ನಲ್ಲಿ ಅದಕ್ಕೆ ಸರ್ವೋ ಅಂತ ಹೆಸರು. ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳಲ್ಲಿ ಹಕ್ಕಿಯ ಕಣ್ಣು ಹುಡುಕುವ ಸೌಲಭ್ಯ ಇದೆ, ಇದ್ದರೆ ಹಾಕಿಕೊಳ್ಳಿ. ಇಲ್ಲದಿದ್ದರೆ ಮಧ್ಯದ ಒಂದು ಪಾಯಿಂಟ್ ಸಾಕು. ಅದನ್ನು ಕಣ್ಣಿನ ಮೇಲೆ ಇಡಿ. ಕಣ್ಣು ಚೂಪಾಗಿ ಬಂದರೆ ಬಾಲ ಮಸುಕಾದರೂ ಚಿತ್ರ ನಿಲ್ಲುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ, ಬೆಳ್ಳಕ್ಕಿ. ಬೆಳಗಿನ ಬಿಸಿಲು, ಹಿಂದೆ ನೆರಳಲ್ಲಿರುವ ಕಪ್ಪು ನೀರು, ಮುಂದೆ ಹಾಲಿನಂಥ ಹಕ್ಕಿ. ಕಣ್ಣಿಗೆ ಚಂದ. ಫೋಟೋ ತೆಗೆದರೆ ಹಕ್ಕಿಯ ಮೈಮೇಲೆ ಒಂದು ಗರಿಯೂ ಕಾಣುವುದಿಲ್ಲ, ಕತ್ತರಿಸಿ ಅಂಟಿಸಿದ ಬಿಳಿ ಕಾಗದದ ಹಾಗೆ. ಯಾಕೆ? ಕ್ಯಾಮೆರಾ ತನ್ನ ಎದುರಿನ ದೃಶ್ಯ ಸರಾಸರಿಯಲ್ಲಿ ಮಧ್ಯಮ ಬೂದು ಬಣ್ಣ ಅಂತ ನಂಬಿಕೊಂಡು ಅಳೆಯುತ್ತದೆ. ಫ್ರೇಮಿನ ಮುಕ್ಕಾಲು ಭಾಗ ಕಪ್ಪು ನೀರು. "ಕತ್ತಲಿದೆ" ಅಂದುಕೊಂಡು ಅದು ಬೆಳಕು ಜಾಸ್ತಿ ಮಾಡುತ್ತದೆ. ನೀರು ಬೂದಾಗುತ್ತದೆ, ಹಕ್ಕಿ ಸುಟ್ಟುಹೋಗುತ್ತದೆ.

ಪರಿಹಾರ ಸುಲಭ. ಎಕ್ಸ್‌ಪೋಷರ್ ಕಾಂಪನ್ಸೇಷನ್ (ಚಿತ್ರದ ಬೆಳಕನ್ನು ಏರಿಸುವ, ಇಳಿಸುವ ಚಕ್ರ) ಮೈನಸ್ 1ಕ್ಕೆ ಇಳಿಸಿ ಒಂದು ತೆಗೆಯಿರಿ. ಹೆಚ್ಚಿನ ಕ್ಯಾಮೆರಾಗಳಲ್ಲಿ ಬೆಳಕು ಮಿತಿ ಮೀರಿದ ಜಾಗ ಮಿನುಗುವ ಹಾಗೆ ಎಚ್ಚರಿಕೆ ಹಾಕಿಕೊಳ್ಳಬಹುದು. ಎದೆಯ ಮೇಲೆ ಇನ್ನೂ ಮಿನುಗುತ್ತಿದ್ದರೆ ಮೈನಸ್ ಒಂದೂವರೆ. ಮಿನುಗು ನಿಂತಿತೋ, ನಿಲ್ಲಿಸಿ. ಈಗ ಕತ್ತಿನ ಕೆಳಗಿನ ಒಂದೊಂದು ಎಳೆ ಗರಿಯೂ ಕಾಣುತ್ತದೆ.

ಕಾಜಾಣಕ್ಕೆ ಇದರ ಉಲ್ಟಾ. ಮೋಡದ ಬಿಳಿ ಆಕಾಶ, ತಂತಿ ಮೇಲೆ ಕಪ್ಪು ಹಕ್ಕಿ. ಕ್ಯಾಮೆರಾ "ಬೆಳಕು ಜಾಸ್ತಿ" ಅಂದುಕೊಂಡು ಇಳಿಸುತ್ತದೆ, ಹಕ್ಕಿ ಬರೀ ನೆರಳಾಗುತ್ತದೆ. ಪ್ಲಸ್ 1, ಬೇಕಾದರೆ ಪ್ಲಸ್ ಒಂದೂವರೆ. ಹಿಂದಿನ ಹಿನ್ನೆಲೆ ಏನಿದೆ ಅಂತ ನೋಡಿ ಬೆರಳು ತಾನಾಗಿ ಆ ಚಕ್ರ ತಿರುಗಿಸುವಷ್ಟು ಅಭ್ಯಾಸ ಮಾಡಿ. ಕೆರೆಯಲ್ಲಿ ಒಂದು ತಿಂಗಳು ಬೆಳ್ಳಕ್ಕಿ ಮತ್ತು ಕಾಜಾಣ ಎರಡನ್ನೇ ತೆಗೆದರೂ ನಷ್ಟವಿಲ್ಲ.

ಬರ್ಸ್ಟ್, ಅಂದರೆ ಬಟನ್ ಒತ್ತಿ ಹಿಡಿದು ಒಂದೇ ಸಮನೆ ಚಿತ್ರ ತೆಗೆಯುವುದರ ಬಗ್ಗೆ ಒಂದು ಮಾತು. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಹಿಂದೆ ಬಿದ್ದಿದ್ದ ಪೂರ್ಣಚಂದ್ರ ತೇಜಸ್ವಿ, ಇವರೆಲ್ಲ ಫಿಲ್ಮ್ ಕಾಲದಲ್ಲಿ ಪಳಗಿದ ವನ್ಯಜೀವಿ ಫೋಟೋಗ್ರಾಫರ್‌ಗಳು. 35 ಮಿ.ಮೀ. ಫಿಲ್ಮಿನ ಒಂದು ರೋಲಿನಲ್ಲಿ ಸಿಗುತ್ತಿದ್ದದ್ದು 36 ಚಿತ್ರ. ತೊಳೆದು ನೋಡುವವರೆಗೆ ಏನು ಬಂದಿದೆ ಗೊತ್ತಿಲ್ಲ. ವಾರಕ್ಕೊಂದು ದಿನ ಅದೇ ಲೆಕ್ಕ ಇಟ್ಟುಕೊಳ್ಳಿ. 36 ಮುಗಿದರೆ ಮನೆಗೆ. ಒತ್ತುವ ಮೊದಲು ಹಕ್ಕಿಯನ್ನು ನೋಡುವುದು ಎಷ್ಟು ಜಾಸ್ತಿ ಆಗುತ್ತದೆ ಅಂತ ನಿಮಗೇ ಕಾಣುತ್ತದೆ.

ನಾಲ್ಕನೇ ಹೆಜ್ಜೆ: ಗಾಳಿ ನೋಡಿ ದಡ ಆರಿಸಿ

ವಿಮಾನದ ಹಾಗೆ ಹಕ್ಕಿಯೂ ಗಾಳಿಗೆ ಎದುರಾಗಿ ಏಳುತ್ತದೆ, ಗಾಳಿಗೆ ಎದುರಾಗಿ ಇಳಿಯುತ್ತದೆ. ಅಂದರೆ ಗಾಳಿ ನಿಮ್ಮ ಬೆನ್ನಿಗೆ ಬೀಸುತ್ತಿದ್ದರೆ ಹಕ್ಕಿ ಮುಖ ನಿಮ್ಮ ಕಡೆ ಮಾಡಿ ಏಳುತ್ತದೆ. ಗಾಳಿ ಮುಖಕ್ಕೆ ಬೀಸುತ್ತಿದ್ದರೆ ನಿಮಗೆ ಸಿಗುವುದು ಬಾಲ ಮಾತ್ರ. ಸೂರ್ಯನೂ ಬೆನ್ನಿಗೆ ಇರಬೇಕು. ಎರಡೂ ಒಟ್ಟಿಗೆ ಸಿಗುವುದು ಯಾವಾಗ?

ರೈತರನ್ನು ಕೇಳಿದರೆ ಹೇಳುತ್ತಾರೆ. ಚಳಿಗಾಲದಲ್ಲಿ ಬಯಲುಸೀಮೆಯಲ್ಲಿ ಬೀಸುವುದು ಮೂಡಗಾಳಿ. ಹಾಗಾಗಿ ನವೆಂಬರಿನಿಂದ ಫೆಬ್ರವರಿವರೆಗೆ ಬೆಳಗ್ಗೆ ಹೋಗಿ ಪೂರ್ವದ ದಂಡೆಯಲ್ಲಿ ಕೂತುಕೊಳ್ಳಿ. ಬಿಸಿಲು, ಗಾಳಿ ಎರಡೂ ಬೆನ್ನಿಗೆ. ಮುಂಗಾರಿನಲ್ಲಿ ಪಡುವಣ ಗಾಳಿ. ಆಗ ಮೋಡ ಸರಿದ ಸಂಜೆಗಳಲ್ಲಿ ಪಶ್ಚಿಮದ ದಂಡೆ. ಒಂದು ಹಿಡಿ ಒಣ ಮಣ್ಣು ಎತ್ತಿ ಬಿಟ್ಟು ನೋಡಿ, ಯಾವ ಕಡೆ ಹಾರುತ್ತದೆ ಅಂತ.

ಹಾರುವ ಹಕ್ಕಿಯನ್ನು ದೂರದಲ್ಲಿದ್ದಾಗಲೇ ಫ್ರೇಮಿಗೆ ತಂದುಕೊಳ್ಳಿ. ಸೊಂಟದಿಂದ ತಿರುಗಿ, ಕೈಯಿಂದ ಅಲ್ಲ. ಶಟರ್ ಬಿಟ್ಟ ಮೇಲೂ ಒಂದು ಕ್ಷಣ ತಿರುಗುತ್ತಲೇ ಇರಿ. ಅಭ್ಯಾಸಕ್ಕೆ ಹದ್ದು ಚೆನ್ನ. ನಿಧಾನವಾಗಿ ಸುತ್ತುತ್ತದೆ, ಎಲ್ಲ ಊರಲ್ಲೂ ಇದೆ. ಆಮೇಲೆ ಕೊಳದ ಬಕಕ್ಕೆ ಬನ್ನಿ. ಕೂತಾಗ ಕೆಸರಿನದೇ ಬಣ್ಣ, ಹಾರಿದಾಗ ಇದ್ದಕ್ಕಿದ್ದಂತೆ ಬಿಳಿ ರೆಕ್ಕೆ. ಕೂತ ಬಣ್ಣಕ್ಕೆ ಬೆಳಕು ಇಟ್ಟಿದ್ದರೆ ಹಾರುವಾಗ ರೆಕ್ಕೆ ಸುಡುತ್ತದೆ. ಮೊದಲೇ ಅರ್ಧ ಸ್ಟಾಪ್ (ಅದೇ ಚಕ್ರದಲ್ಲಿ ಮೈನಸ್ ಅರ್ಧ) ಇಳಿಸಿ ಕಾಯಿರಿ.

ಐದನೇ ಹೆಜ್ಜೆ: ರಂಗನತಿಟ್ಟಿನ ದೋಣಿ

ಕೆರೆಯಲ್ಲಿ ಕೈ ಕುದುರಿದ ಮೇಲೆ ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟಿಗೆ ಹೋಗಿ. ಕಾವೇರಿಯ ನಡುವಿನ ಸಣ್ಣ ಸಣ್ಣ ನಡುಗಡ್ಡೆಗಳು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿತು. ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ಬಾಯ್ಕಳಕ, ನದಿ ರೀವ (ರಿವರ್ ಟರ್ನ್), ಬಂಡೆ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ, ಎಲ್ಲ ಒಂದೇ ಸುತ್ತಿನಲ್ಲಿ ಸಿಗಬಹುದು. ಇಲ್ಲಿನ ಹಕ್ಕಿಗಳಿಗೆ ದೋಣಿ ಅಭ್ಯಾಸ. ಹಾಗಾಗಿ ಕೆರೆಯಲ್ಲಿ ಸಿಗದ ಹತ್ತಿರ ಇಲ್ಲಿ ಸಿಗುತ್ತದೆ.

ಜನವರಿಯಿಂದ ಮೇ ವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ದೋಣಿ ನಿಂತುಹೋಗುತ್ತದೆ, ಮೊದಲೇ ವಿಚಾರಿಸಿಕೊಂಡು ಹೊರಡಿ. ವಾರದ ನಡುವೆ, ಗೇಟು ತೆಗೆಯುವ ಹೊತ್ತಿಗೇ ಹೋಗಿ. ಫೋಟೋ ತೆಗೆಯುವವರು ನಾಲ್ಕು ಜನ ಸೇರಿ ಬೇರೆ ದೋಣಿ ಮಾಡಿಕೊಳ್ಳುವುದು ಒಳ್ಳೆಯದು. ಮಕ್ಕಳು ಇರುವ ದೋಣಿಯಲ್ಲಿ "ಸ್ವಲ್ಪ ಸುಮ್ನಿರಿ" ಅನ್ನುವುದು ಸರಿಯಲ್ಲ, ಅವರೂ ನೋಡಲು ಬಂದವರೇ.

ದೋಣಿಯಲ್ಲಿ ಟ್ರೈಪಾಡ್ ಕೆಲಸಕ್ಕೆ ಬಾರದು. ನೀರು ಅಲ್ಲಾಡುವುದರಿಂದ ಕೂತ ಹಕ್ಕಿಗೂ 1/1000 ಇಟ್ಟುಕೊಳ್ಳಿ. ಮೊಣಕೈ ಮೈಗೆ ಒತ್ತಿ ಹಿಡಿಯಿರಿ. ಏಳಬೇಡಿ. ದೋಣಿಯವರು ವರ್ಷಗಟ್ಟಲೆ ಇಲ್ಲೇ ಹುಟ್ಟು ಹಾಕಿದವರು, ಯಾವ ಬಂಡೆಗೆ ಯಾವ ರೀವ ಮೀನು ತರುತ್ತದೆ ಅಂತ ಅವರಿಗೆ ಗೊತ್ತು. ಹತ್ತುವಾಗಲೇ ಹೇಳಿ: "ಅಣ್ಣಾ, ಎಲ್ಲಾ ಕಡೆ ಸುತ್ತೋದು ಬೇಡ. ರೀವ ಇರೋ ಬಂಡೆ ಹತ್ರ ಹತ್ತು ನಿಮಿಷ ನಿಲ್ಸಿ ಸಾಕು. ಬಿಸಿಲು ಬೆನ್ನಿಗೆ ಇರೋ ಹಾಗೆ." ಅವರ ಮುಖ ಅರಳುತ್ತದೆ. ಗೂಡಿರುವ ಕೊಂಬೆಗಳ ಕೆಳಗೆ ಇನ್ನೂ ಹತ್ತಿರ ಹೋಗಿ ಅಂತ ಮಾತ್ರ ಕೇಳಬೇಡಿ.

ಬಣ್ಣದ ಕೊಕ್ಕರೆ ನೋಡಲು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೂ ಹೋಗಬಹುದು. ಅಲ್ಲಿ ಹುಣಸೆ ಮರಗಳಲ್ಲಿ, ಮನೆಗಳ ನಡುವೆಯೇ ಕೊಕ್ಕರೆ ಮತ್ತು ಹೆಜ್ಜಾರ್ಲೆ (ಪೆಲಿಕನ್) ಗೂಡು ಕಟ್ಟುತ್ತವೆ. ಊರಿನವರು ತಲೆತಲಾಂತರದಿಂದ ಅವನ್ನು ಕಾಪಾಡಿಕೊಂಡು ಬಂದಿದ್ದಾರೆ. ಅದು ಅವರ ಅಂಗಳ. ಒಳಗೆ ಕಾಲಿಡುವ ಮೊದಲು "ಅಮ್ಮಾ, ಇಲ್ಲಿ ನಿಂತ್ಕೊಬಹುದಾ?" ಅಂತ ಕೇಳಿ.

ಆರನೇ ಹೆಜ್ಜೆ: ಸಫಾರಿ

ಈಗ ಕಬಿನಿ. ಏಪ್ರಿಲ್, ಮೇ ತಿಂಗಳಲ್ಲಿ ಹಿನ್ನೀರು ಇಳಿದು, ತೆರೆದ ನೆಲದಲ್ಲಿ ಹುಲ್ಲು ಚಿಗುರುತ್ತದೆ. ನಾಗರಹೊಳೆ, ಬಂಡೀಪುರದ ಕಡೆಯಿಂದ ಆನೆ ಹಿಂಡುಗಳು ಅಲ್ಲಿಗೆ ಇಳಿಯುತ್ತವೆ. ನನ್ನ ಮಟ್ಟಿಗೆ ಅದು ಹುಲಿಗಿಂತ ದೊಡ್ಡ ನೋಟ. ಜೂಮ್ ಪೂರ್ತಿ ಇಳಿಸಿ, 70 ಮಿ.ಮೀ.ನಲ್ಲಿ ಆನೆ, ನೀರು, ಒಣಗಿ ನಿಂತ ಮರದ ಬೊಡ್ಡೆ, ಮೋಡ ಎಲ್ಲ ಸೇರಿಸಿ ತೆಗೆಯಿರಿ.

ಕಾಡಿನೊಳಗೆ ಬೆಳಕು ಕಮ್ಮಿ. ಬೆಳಗಿನ ಮೊದಲ ಅರ್ಧ ಗಂಟೆ, ಸಂಜೆಯ ಕೊನೆಯ ಅರ್ಧ ಗಂಟೆ ಐಎಸ್ಒ 3200, 6400 ಆಗುತ್ತದೆ. ಆಗಲಿ. ನಿಂತ ಪ್ರಾಣಿಗೆ 1/250 ಸಾಕು, ಬೇಕಾದರೆ 1/125ಕ್ಕೂ ಇಳಿಯಿರಿ. ಆದರೆ ಎಂಜಿನ್ ಆಫ್ ಆಗಿರಬೇಕು. ಡ್ರೈವರ್‌ಗೆ ಹೊರಡುವ ಮೊದಲೇ ಹೇಳಿಡಿ. ಜೀಪಿನ ಕಂಬಿ ಮೇಲೆ ಬೀನ್ ಬ್ಯಾಗ್ ಇಟ್ಟು ಅದರ ಮೇಲೆ ಲೆನ್ಸ್ ಕೂರಿಸಿ. ಖಾಲಿ ಚೀಲ ತೆಗೆದುಕೊಂಡು ಹೋಗಿ, ದಾರಿಯ ಅಂಗಡಿಯಲ್ಲಿ ಮೂರು ಕಿಲೋ ಅಕ್ಕಿ ತುಂಬಿಸಿದರೆ ಮುಗಿಯಿತು. ವಾಪಸ್ ಬಂದ ಮೇಲೆ ಅನ್ನ. ಜೀಪಿನಲ್ಲಿ ಲೆನ್ಸ್ ಬದಲಿಸಬೇಡಿ, ಕೆಂಪು ಧೂಳು ಸೆನ್ಸರಿಗೆ ಕೂರುತ್ತದೆ. ಫ್ಲ್ಯಾಶ್ ಬೇಡ. ದೊಡ್ಡ ಲೆನ್ಸಿಗೆ ಬೇರೆ ಶುಲ್ಕ ಇರಬಹುದು, ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ. ಜಿಂಕೆ ಚುಚ್ಚುವ ಹಾಗೆ ಕೂಗುತ್ತದೆ, ಮರದ ಮೇಲಿನ ಮುಸುವ ಕೆಮ್ಮಿದ ಹಾಗೆ ಕೂಗುತ್ತದೆ. ಹುಲಿ, ಚಿರತೆ ಹತ್ತಿರದಲ್ಲಿದೆ ಅನ್ನುವ ಎಚ್ಚರಿಕೆ ಇವು, ಆದರೆ ಸುಳ್ಳೂ ಆಗಬಹುದು. ಕಡವೆ ಗಟ್ಟಿಯಾಗಿ "ಢಾಂಕ್" ಅಂದರೆ, ಬಾಲ ನೆಟ್ಟಗೆ ಮಾಡಿ ಒಂದೇ ಕಡೆ ದಿಟ್ಟಿಸಿದರೆ, ಸಾಮಾನ್ಯವಾಗಿ ಸುಳ್ಳಾಗುವುದಿಲ್ಲ. ಅದರ ಮೂತಿ ಇರುವ ದಿಕ್ಕಿಗೆ ಕ್ಯಾಮೆರಾ ತಿರುಗಿಸಿ, ಸೆಟ್ಟಿಂಗ್ ನೋಡಿಕೊಂಡು ಕಾಯಿರಿ. ಹುಲಿ ದಾರಿ ದಾಟುವಂತಿದ್ದರೆ ಅದಕ್ಕೆ ಅಡ್ಡ ಜೀಪು ಹಾಕಿ ಅಂತ ಒತ್ತಾಯ ಮಾಡಬೇಡಿ. ದಾರಿ ಬಿಟ್ಟರೆ ಅದು ತನ್ನ ಪಾಡಿಗೆ ನಡೆಯುತ್ತದೆ. ಆ ನಡಿಗೆಯೇ ಒಳ್ಳೆಯ ಚಿತ್ರ.

ಕಾಜಾಣದಲ್ಲಿ ಕಲಿತ ಪ್ಲಸ್ 1 ದರೋಜಿಯ ಕರಡಿಧಾಮದಲ್ಲಿ ಕೆಲಸಕ್ಕೆ ಬರುತ್ತದೆ. ಅಲ್ಲಿ ಮಧ್ಯಾಹ್ನದ ಮೇಲೆ ಕರಡಿಗಳು ಬಂಡೆಗಳಿಂದ ಇಳಿಯುತ್ತವೆ. ಕಪ್ಪು ಮೈ, ಬಿಳಿ ಬಂಡೆ. ವೀಕ್ಷಣಾ ಗೋಪುರ ದೂರ, ನಡುವೆ ಬಿಸಿಲ ಝಳ. ಝಳ ಇದ್ದರೆ ಎಂಥ ಲೆನ್ಸಾದರೂ ಚಿತ್ರ ನಡುಗಿದ ಹಾಗೆ ಬರುತ್ತದೆ. ನೆಲ ತಣಿಯುವ ಸಂಜೆವರೆಗೆ ಕಾಯುವುದೊಂದೇ ದಾರಿ.

ಮಳೆ ಬಂದಾಗ

ಜೂನ್ ಬಂದರೆ ಹಲವರು ಕ್ಯಾಮೆರಾ ಒಳಗಿಡುತ್ತಾರೆ. ಮಲೆನಾಡಿನವರು ಆಗ ಹೊರಗೆ ತೆಗೆಯಬೇಕು. ಆಗುಂಬೆಯ ಕಡೆ ಕೊಳದ ಮೇಲೆ ಬಾಗಿದ ಎಲೆಗಳಲ್ಲಿ ಹಸಿರು ಹಾರುಕಪ್ಪೆಗಳು ನೊರೆಯ ಗೂಡು ಕಟ್ಟುತ್ತವೆ. ಮರಿಗಳು ಅಲ್ಲಿಂದ ನೇರ ನೀರಿಗೆ ಬೀಳುತ್ತವೆ. ಸಣ್ಣದನ್ನು ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್, ಎಫ್ 11, ಜೊತೆಗೆ ಫ್ಲ್ಯಾಶಿನ ಮುಂದೆ ತೆಳು ಬಿಳಿ ಹಾಳೆ. ಒದ್ದೆ ಚರ್ಮದ ಮೇಲೆ ಬರಿ ಫ್ಲ್ಯಾಶ್ ಬಿದ್ದರೆ ಬಿಳಿ ಚುಕ್ಕೆ ಬರುತ್ತವೆ. ನಾಲ್ಕೈದು ಚಿತ್ರ ಸಾಕು, ಆಮೇಲೆ ಟಾರ್ಚ್ ಆರಿಸಿ. ಕಪ್ಪೆಯನ್ನು ಕೈಯಲ್ಲಿ ಹಿಡಿದು ಚಂದದ ಎಲೆ ಮೇಲೆ ಕೂರಿಸಬೇಡಿ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ನಿಮ್ಮ ಕೈಯಲ್ಲಿ ಸೊಳ್ಳೆಗೆ ಹಚ್ಚಿದ ಮುಲಾಮು ಇರುತ್ತದೆ, ಅಲ್ವಾ? ಗೊತ್ತಿರುವ ಸ್ಥಳೀಯರೊಬ್ಬರು ಜೊತೆಗಿರಲಿ. ಅರಣ್ಯ ಇಲಾಖೆಯ ಜಾಗವಾದರೆ ಅನುಮತಿ ಇಲ್ಲದೆ ಹೋಗಬೇಡಿ.

ಮನೆಗೆ ಬಂದ ಮೇಲೆ ಒದ್ದೆ ಲೆನ್ಸನ್ನು ಬ್ಯಾಗಿನೊಳಗೆ ಬಿಡಬೇಡಿ. ತೇವದಲ್ಲಿ ಗಾಜಿನ ಒಳಗೆ ಬೂಸಲು ಬೆಳೆಯುತ್ತದೆ, ಬಲೆಯ ಹಾಗೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದರಲ್ಲಿ ಸಿಲಿಕಾ ಜೆಲ್, ಒಂದು ಸಣ್ಣ ತೇವ ಅಳೆಯುವ ಮೀಟರ್. ಮುಳ್ಳು ಶೇಕಡಾ 40 ರಿಂದ 50 ರೊಳಗೆ ಇದ್ದರೆ ಸರಿ.

ಮನೆಗೆ ಬಂದ ಮೇಲೆ

ಅದೇ ದಿನ ಎರಡು ಕಡೆ ಕಾಪಿ ಮಾಡಿ. ಮೊದಲು ಅಲ್ಲಾಡಿದವನ್ನು ಅಳಿಸಿ. ಉಳಿದದ್ದರಲ್ಲಿ ಬೆಳಕು ಸ್ವಲ್ಪ, ಕ್ರಾಪ್ ಸ್ವಲ್ಪ. ಇಲ್ಲದ ಹಕ್ಕಿಯನ್ನು ಸೇರಿಸುವುದು, ಇದ್ದ ಕೊಂಬೆಯನ್ನು ತೆಗೆಯುವುದು ಬೇಡ. ಗೂಬೆ ಮಲಗುವ ಮರ, ಅಪರೂಪದ ಸೀತಾಳೆ ಗಿಡ ಇಂಥದ್ದನ್ನು ಹಂಚಿಕೊಳ್ಳುವಾಗ ಜಾಗದ ಹೆಸರು ಬರೆಯಬೇಡಿ, ಫೋಟೋದೊಳಗಿನ ಲೊಕೇಶನ್ ಮಾಹಿತಿಯನ್ನೂ ತೆಗೆಯಿರಿ.

ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದಿಡಿ. ದಿನ, ಹೊತ್ತು, ಗಾಳಿಯ ದಿಕ್ಕು, ಯಾವ ಹಕ್ಕಿ ಏನು ಮಾಡುತ್ತಿತ್ತು. ಒಂದು ವರ್ಷ ಕಳೆದರೆ ಅದರ ಬೆಲೆ ಗೊತ್ತಾಗುತ್ತದೆ. ಬೂದು ಸಿಪಿಲೆ ಚಳಿಗಾಲ ಕಳೆಯಲು ಹಿಮಾಲಯದ ಕಡೆಯಿಂದ ಬರುವ ಹಕ್ಕಿ. ನನ್ನ ಪುಸ್ತಕದಲ್ಲಿ ಅದು ನಮ್ಮ ಕೆರೆಯ ತೂಬಿನ ಕಲ್ಲಿನ ಮೇಲೆ ಮೊದಲು ಕಂಡದ್ದು ಸೆಪ್ಟೆಂಬರ್ 24, ಬೆಳಗ್ಗೆ 6.40 ಅಂತ ಇತ್ತು. ಮುಂದಿನ ವರ್ಷ 22ಕ್ಕೇ ಗೋಣಿಚೀಲ ಹಾಸಿ ತೂಬಿನ ಪಕ್ಕ ಕೂತೆ. ಎರಡು ದಿನ ಬರಲಿಲ್ಲ. ಮೂರನೇ ದಿನ ನೀರು ಜಿನುಗುವ ಅದೇ ಕಲ್ಲಿಗೆ ಬಂದು ಇಳಿಯಿತು, ಬಾಲ ಎರಡು ಸಲ ಕುಣಿಸಿತು, ಕಾಲ ಬುಡದಲ್ಲಿದ್ದ ಸಣ್ಣ ಹುಳವೊಂದನ್ನು ಹೆಕ್ಕಿತು. 1/1000, ಎಫ್ 6.3, ಐಎಸ್ಒ 1600.